ಎಷ್ಟು ಬಂತು?

ಕಾಯಿಲೆಗಳಲ್ಲೂ ಮೇಲು ಕೀಳು ಇದೆ. ಕಾಲು ಮುರಿದುಕೊಂಡು ಮಲಗಿದವನನ್ನು ನೋಡಲು ಜನ ಎಳನೀರು, ಮೂಸಂಬಿ ಹಿಡಿದುಕೊಂಡು ಬರುತ್ತಾರೆ. ಹೃದಯದ ಆಪರೇಷನ್ ಮಾಡಿಸಿಕೊಂಡವರಿಗಂತೂ ಮಾಜಿ ಸೈನಿಕರ ಗೌರವ. ಅವರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಹೊಲಿಗೆಯ ಗುರುತು ತೋರಿಸಿದರೆ ಸಾಕು, ಎದುರಿಗಿದ್ದವರು ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಶುಗರ್ ಬಂದವನ ಮನೆಗೆ ಮಾತ್ರ ಯಾರೂ ಏನೂ ತರುವುದಿಲ್ಲ. ತರಬಹುದಾದದ್ದನ್ನೆಲ್ಲ ಅವನು ತಿನ್ನುವ ಹಾಗಿಲ್ಲ ಎಂಬುದು ಒಂದು ಕಾರಣ. ಅವನೇ ಕೈಯಾರೆ ತಂದುಕೊಂಡದ್ದು ಎಂದು ಲೋಕ ಆಗಲೇ ತೀರ್ಮಾನಿಸಿಬಿಟ್ಟಿದೆ ಎಂಬುದು ಇನ್ನೊಂದು. "ಸ್ವೀಟು ಸ್ವಲ್ಪ ಜಾಸ್ತಿ ಆಗ್ತಿದೆ ಅಂತ ನಾನು ಆಗ್ಲೇ ಅಂದ್ಕೊಂಡಿದ್ದೆ" ಎಂದು ಬೀಗರು ಹೇಳುತ್ತಾರೆ. ಹೇಳುವಾಗ ಅವರ ಕೈಯಲ್ಲಿ ಜಾಮೂನಿನ ಬಟ್ಟಲಿರುತ್ತದೆ.

ಹಣ್ಣು ತರದವರೂ ಸಲಹೆಯನ್ನು ತಪ್ಪದೆ ತರುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ಹಾಗಲಕಾಯಿ ರಸ, ಅದಾದ ಮೇಲೆ ರಾತ್ರಿ ನೆನೆಸಿಟ್ಟ ಮೆಂತ್ಯ, ನಡುವೆ ನೇರಳೆ ಬೀಜದ ಪುಡಿ, ಬೆಂಡೆಕಾಯಿ ಸೀಳಿ ಅದ್ದಿಟ್ಟ ನೀರು, ಮಧ್ಯಾಹ್ನದ ಹೊತ್ತಿಗೆ ಅಮೃತಬಳ್ಳಿ. ಎಲ್ಲರ ಮಾತನ್ನೂ ಕೇಳಿದರೆ ತಿಂಡಿಗೆ ಹೊಟ್ಟೆಯಲ್ಲಿ ಜಾಗವೇ ಉಳಿಯುವುದಿಲ್ಲ. ಆ ಚಿಕಿತ್ಸೆಯ ಗುಟ್ಟು ಅದೇ ಇರಬಹುದೆಂದು ನನಗೊಂದು ಅನುಮಾನ. ನಮ್ಮ ಮನೆಯ ಹಿತ್ತಲಲ್ಲಿ ಇನ್ಸುಲಿನ್ ಗಿಡ ಎಂದು ಕರೆಯುವ ಸಸ್ಯದ ಕುಂಡಗಳು ಸಾಲಾಗಿ ಕೂತಿವೆ. ಕೊಟ್ಟವರೆಲ್ಲ ಬೇರೆ ಬೇರೆ; ಗಿಡ ಮಾತ್ರ ಒಂದೇ. ದಿನಾ ನೀರು ಹಾಕುತ್ತೇನೆ. ಅದಂತೂ ಆರೋಗ್ಯವಾಗಿದೆ.

ಇಷ್ಟೊಂದು ಉಪದೇಶ ಪಡೆಯುವುದಕ್ಕೆ ಇದೇನೂ ಅಪರೂಪದ ಕಾಯಿಲೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ, ಹೊಸ್ತಿಲಲ್ಲಿ ನಿಂತು ಒಳಗೆ ಇಣುಕುತ್ತಿರುವವರು ಇನ್ನೂ 13.6 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ. ನಾವು ಒಂದು ರಾಜ್ಯ ಕೇಳಿದರೆ ಕೇಂದ್ರ ಸರ್ಕಾರ ಇಲ್ಲ ಎನ್ನುವ ಹಾಗಿಲ್ಲ. ಇಷ್ಟೆಲ್ಲ ಜನ ಇದ್ದರೂ ಪ್ರತಿಯೊಬ್ಬರೂ ಬೆಳಿಗ್ಗೆ ಬೆರಳು ಚುಚ್ಚಿಕೊಳ್ಳುವಾಗ ಒಬ್ಬಂಟಿಯಾಗಿಯೇ ಕೂತಿರುತ್ತಾರೆ ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನನ್ನ ಊರು ಮೈಸೂರು. ಶುಗರ್ ಇಟ್ಟುಕೊಂಡು ಬಾಳಲು ಇದಕ್ಕಿಂತ ಕಠಿಣವಾದ ಊರು ಇನ್ನೊಂದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಮೈಸೂರು ಪಾಕ್ ಮಾಡಿದರೆಂದು ಇಲ್ಲಿಯವರು ಹೇಳುತ್ತಾರೆ. ದೇವರಾಜ ಮಾರುಕಟ್ಟೆಗೆ ತರಕಾರಿ ತರಲು ಹೋದವನು ಸಯ್ಯಾಜಿರಾವ್ ರಸ್ತೆಯಲ್ಲಿ ಆ ತುಪ್ಪದ ಘಮಲನ್ನು ದಾಟಿಕೊಂಡೇ ಬರಬೇಕು. ಕೈಚೀಲದಲ್ಲಿ ಹಾಗಲಕಾಯಿ, ಮೂಗಿನಲ್ಲಿ ಮೈಸೂರು ಪಾಕ್. ಪಾಪ ಎಲ್ಲಿ ಆಯಿತು ಎಂದು ಚಿತ್ರಗುಪ್ತನಿಗೂ ಹೇಳಲು ಬಾರದು.

ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವವರೆಲ್ಲ ನಮ್ಮ ಪಕ್ಷದವರೇ. ಕೆರೆಗೆ ಬರುವ ಹೆಜ್ಜಾರ್ಲೆ, ಬೆಳ್ಳಕ್ಕಿಗಳನ್ನು ನೋಡಲು ಕ್ಯಾಮೆರಾ ಹಿಡಿದು ಬರುವ ಹುಡುಗರು ಬೇರೆ. ನಮ್ಮದು ತಲೆ ತಗ್ಗಿಸಿ ಹೆಜ್ಜೆ ಎಣಿಸುವ ಜಾತಿ. ಎದುರಿಗೆ ಸಿಕ್ಕವರು ನಮಸ್ಕಾರಕ್ಕೆ ಬದಲಾಗಿ "ಎಷ್ಟು ಬಂತು?" ಎನ್ನುತ್ತಾರೆ. ಸಂಬಳವೋ ಮಳೆಯೋ ಎಂದು ಹೊರಗಿನವರಿಗೆ ಅನುಮಾನ ಬರಬೇಕು, ಹಾಗಿರುತ್ತದೆ ಆ ದನಿ. "ಖಾಲಿ ಹೊಟ್ಟೆದು ನೂರಾ ಮೂವತ್ತೆಂಟು. ತಿಂಡಿ ಆದ್ಮೇಲಿಂದು ಕೇಳ್ಬೇಡಿ ಮೇಷ್ಟ್ರೇ." ಕೇಳುವುದಿಲ್ಲ. ಇಬ್ಬರೂ ಗೇಟಿನಾಚೆ ಹೋಗಿ ತಿಂಡಿಯನ್ನು ಮಾತ್ರ ಮುಗಿಸುತ್ತೇವೆ. ಎರಡು ಇಡ್ಲಿ, ಸಕ್ಕರೆ ಇಲ್ಲದ ಕಾಫಿ. ವಡೆಯ ವಿಚಾರ ಇಲ್ಲಿ ಬೇಡ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಅಂಕಿಗಳ ಜೊತೆಯಲ್ಲೇ ಆಯಸ್ಸು ಕಳೆದವನು. ಸಕ್ಕರೆಯ ಅಂಕಿ ಬಂದು ಮನೆಯಲ್ಲಿ ಕೂತಾಗ ನನಗೆ ಅದು ಮಾರ್ಕ್ಸ್ ಕಾರ್ಡಿನ ಹಾಗೆಯೇ ಕಂಡಿತು. ಇಲ್ಲಿ ಕಡಿಮೆ ಬಂದವನೇ ಜಾಣ ಎಂಬುದು ಮಾತ್ರ ವ್ಯತ್ಯಾಸ. ದಿನದಿನದ್ದು ಕಿರುಪರೀಕ್ಷೆ. ದೊಡ್ಡ ಪರೀಕ್ಷೆ ಎಚ್‌ಬಿಎ1ಸಿ, ಮೂರು ತಿಂಗಳ ಸರಾಸರಿ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ಅದು ಈಜಿದ ಸಕ್ಕರೆಯ ಗುರುತನ್ನು ಮೈಮೇಲೆ ಅಂಟಿಸಿಕೊಂಡೇ ಇರುತ್ತದೆ. ಲ್ಯಾಬಿಗೆ ಹೋಗುವ ಹಿಂದಿನ ದಿನ ಏಕಾದಶಿ ಮಾಡಿ ಯಾವ ಪ್ರಯೋಜನವೂ ಇಲ್ಲ. ವರ್ಷವೆಲ್ಲ ಗೋಲಿ ಆಡಿ ಪರೀಕ್ಷೆಯ ರಾತ್ರಿ ಪುಸ್ತಕ ಹಿಡಿಯುವ ಹುಡುಗರನ್ನು ಕಂಡು ಹಲ್ಲು ಕಡಿದ ಯಾರೋ ಮೇಷ್ಟ್ರೇ ಇದನ್ನು ಕಂಡುಹಿಡಿದಿರಬೇಕು.

ಆದರೆ ಈ ಪರೀಕ್ಷೆಯಲ್ಲಿ ಒಂದು ಅನ್ಯಾಯವಿದೆ. ರಾತ್ರಿ ಒಂದೇ ಒಂದು ರಾಗಿ ರೊಟ್ಟಿ, ಸೊಪ್ಪಿನ ಪಲ್ಯ ತಿಂದು ಮುನಿಗಳ ಹಾಗೆ ಮಲಗಿರುತ್ತೀರಿ. ಬೆಳಿಗ್ಗೆ ನೋಡಿದರೆ ಅಂಕಿ ಮಲಗುವಾಗ ಇದ್ದದ್ದಕ್ಕಿಂತ ಮೇಲೆ! ತಿಂದದ್ದು ಯಾರು? ಡಾಕ್ಟರು ವಿವರಿಸಿದರು. ಬೆಳಗಿನ ಜಾವ ಮೈಯನ್ನು ಎಬ್ಬಿಸಲೆಂದು ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಏರುತ್ತವೆ. ಅವುಗಳ ಮಾತು ಕೇಳಿ ಯಕೃತ್ತು ತನ್ನ ಉಗ್ರಾಣದಿಂದ ಸಕ್ಕರೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಬಂದು ಅದನ್ನು ಸಂಭಾಳಿಸುತ್ತದೆ. ಎರಡನೇ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಬರುವುದೇನೋ ಬರುತ್ತದೆ, ಜೀವಕೋಶಗಳು ಅದರ ಮಾತು ಕೇಳುವುದಿಲ್ಲ. ನಿವೃತ್ತ ಮೇಷ್ಟ್ರಿಗೆ ಇದು ಅರ್ಥವಾಗದ ಪರಿಸ್ಥಿತಿಯೇನಲ್ಲ.

"ಚಿಂತೆ ಮಾಡಿದಾಗಲೂ ಇದೇ ಹಾರ್ಮೋನುಗಳು ಏರುತ್ತವೆ ಸರ್. ಅದಕ್ಕೇ ಟೆನ್ಷನ್ ಮಾಡ್ಕೋಬೇಡಿ" ಎಂದರು ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಳ್ಳೆಯವರು, ಹೊರಗೆ ಟೋಕನ್ ಹಿಡಿದು ಕಾಯುವವರು ಬೇಕಾದಷ್ಟು. ಮೆಟ್‌ಫಾರ್ಮಿನ್ ಎಷ್ಟು ಮಿಲಿಗ್ರಾಂ, ಯಾವ ಹೊತ್ತು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಟೆನ್ಷನ್ ಮಾಡಿಕೊಳ್ಳದೆ ಇರುವುದನ್ನು ಊಟಕ್ಕೆ ಮೊದಲೋ ಆಮೇಲೋ ಎಂದು ಬರೆಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನನಗೆ ಹೊಸದೊಂದು ಟೆನ್ಷನ್ ಶುರುವಾಯಿತು. ಟೆನ್ಷನ್ ಮಾಡಿಕೊಂಡರೆ ಶುಗರ್ ಏರುತ್ತದೆ, ಶುಗರ್ ಏರಿದರೆ ಟೆನ್ಷನ್ ಆಗುತ್ತದೆ. ಎರಡೂ ಒಂದನ್ನೊಂದು ಸಾಕಿಕೊಳ್ಳುತ್ತವೆ. ಈ ಸಮೀಕರಣಕ್ಕೆ ಉತ್ತರ ಪುಸ್ತಕದ ಹಿಂದೆ ಕೊಟ್ಟಿಲ್ಲ.

ನಡುವೆ ಒಂದು ಮಾತು. ನವೆಂಬರ್ 14ರಂದು ಶಾಲೆಯಲ್ಲಿ ಮಕ್ಕಳ ದಿನಾಚರಣೆಗೆ ಚಾಕೊಲೇಟ್ ಹಂಚುವ ಕೆಲಸ ಸದಾ ನನ್ನ ಪಾಲಿಗೇ ಬರುತ್ತಿತ್ತು. ಅದೇ ದಿನ ವಿಶ್ವ ಮಧುಮೇಹ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು, ನೆಹರೂ ಹುಟ್ಟಿದ್ದಕ್ಕೆ ಸರಿಯಾಗಿ ಎರಡು ವರ್ಷದ ಮೇಲೆ. ಮಕ್ಕಳಿಗೆ ಚಾಕೊಲೇಟು, ಮೇಷ್ಟ್ರಿಗೆ ರಕ್ತಪರೀಕ್ಷೆಯ ಶಿಬಿರ. ಪಂಚಾಂಗ ಬರೆಯುವವರು ಎಷ್ಟು ಯೋಚಿಸಿದರೂ ಇಂಥ ಯೋಗ ಕೂಡಿಸಲಾರರು.

ಮತ್ತೆ ಟೆನ್ಷನ್ನಿನ ಮಾತಿಗೆ ಬರುತ್ತೇನೆ. ಶುಗರ್ ಹೇರುವ ಈ ಮನಸ್ಸಿನ ಭಾರವನ್ನು ವೈದ್ಯರು ಗಮನಿಸಿಯೇ ಇಲ್ಲ ಎನ್ನುವ ಹಾಗಿಲ್ಲ. ಬಾಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿದ್ದ ವಿಲಿಯಂ ಪೊಲೊನ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 1995ರಲ್ಲಿ 20 ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಪಥ್ಯ ತಪ್ಪಿದಾಗ ಅಪರಾಧಿ ಅನ್ನಿಸುತ್ತದೆಯೇ, ತಿನ್ನುವ ಸುಖ ಹೋಯಿತು ಅನ್ನಿಸುತ್ತದೆಯೇ, ಮುಂದೆ ಏನಾಗುವುದೋ ಎಂಬ ಭಯವಿದೆಯೇ, ಮನೆಯವರು ಜೊತೆಗಿಲ್ಲ ಅನ್ನಿಸುತ್ತದೆಯೇ, ದಿನಾ ಇದೇ ಗೋಳನ್ನು ನಿಭಾಯಿಸಿ ಸಾಕಾಗಿಹೋಗಿದೆಯೇ, ಹೀಗೆ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟನ್ನು 1.25ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂದು ಸಿಗುತ್ತದೆ. 40 ಮುಟ್ಟಿದರೆ ಮನಸ್ಸಿನ ಕಡೆಗೂ ಆರೈಕೆ ಬೇಕು ಎಂದರ್ಥ. ಇದು ಖಿನ್ನತೆಯ ಕಾಯಿಲೆಯಲ್ಲ, ಮಧುಮೇಹವೇ ಹೊರಿಸುವ ಹೊರೆ ಎಂದು ಅವರು ಬೇರೆ ಮಾಡಿ ತೋರಿಸಿದ್ದು ದೊಡ್ಡ ಉಪಕಾರ. ಆ ಪ್ರಶ್ನೆಗಳನ್ನು ಓದುವಾಗ ನನಗೆ ಬಾಸ್ಟನ್ನಿನವರು ನಮ್ಮ ಮನೆಯ ಅಡುಗೆಮನೆಯ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡು ಬರೆದರೇ ಎಂದು ಸಂಶಯವಾಯಿತು. ಎಷ್ಟು ಬಂತು ಎಂದು ನೀವು ಕೇಳಬೇಡಿ.

ಪಟ್ಟಿಯನ್ನು ಕಳಿಸಿದ್ದು ಅಮೆರಿಕದಲ್ಲಿರುವ ಮಗಳು. ಅದರ ಹಿಂದೆಯೇ ಫೋನೂ ಬಂತು. "ಅಪ್ಪಾ, ನೀನು ಮೈಂಡ್‌ಫುಲ್‌ನೆಸ್ ಮಾಡು. ಇಲ್ಲಿ ಎಲ್ರೂ ಮಾಡ್ತಾರೆ." ಅಮೆರಿಕದಲ್ಲಿ ಎಲ್ಲರೂ ಮಾಡುವುದನ್ನೆಲ್ಲ ನಾವು ಮಾಡುತ್ತಾ ಹೋದರೆ ಮನೆಯಲ್ಲಿ ಬಂದೂಕನ್ನೂ ಇಟ್ಟುಕೊಳ್ಳಬೇಕಾಗುತ್ತದೆ ಎಂದೆ. ಅವಳು ನಗಲಿಲ್ಲ. ಮಗಳು ನಗದೆ ಇದ್ದರೆ ಮಾತು ಕೇಳಬೇಕು.

ಈ ಮೈಂಡ್‌ಫುಲ್‌ನೆಸ್ಸಿನ ಹಿನ್ನೆಲೆ ಹೀಗಿದೆ. ಜಾನ್ ಕಬಾಟ್-ಜಿನ್ ಎಂಬುವರು ಅಣುಜೀವಶಾಸ್ತ್ರ ಓದಿದವರು. ಬೌದ್ಧ ಗುರುಗಳ ಬಳಿ ಧ್ಯಾನವನ್ನೂ ಕಲಿತವರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಎಷ್ಟು ಔಷಧ ಕೊಟ್ಟರೂ ನೋವು ಹೋಗದ ರೋಗಿಗಳಿಗಾಗಿ ಕೆಲವು ವಾರಗಳ ಪಾಠ ಶುರು ಮಾಡಿದರು. ಆ ಆಸ್ಪತ್ರೆ ಇರುವ ವೂಸ್ಟರ್ ಊರಿಗೂ ಬಾಸ್ಟನ್ನಿಗೂ ಹೆಚ್ಚುಕಡಿಮೆ ಮೈಸೂರಿಗೂ ಮದ್ದೂರಿಗೂ ಇರುವಷ್ಟೇ ದೂರ. ದೇವರ ಹೆಸರಿಲ್ಲ, ಮಂತ್ರವಿಲ್ಲ, ಮಡಿಯಿಲ್ಲ. ಕೂತು ಉಸಿರನ್ನು ಗಮನಿಸುವುದು, ಮನಸ್ಸು ಓಡಿಹೋದರೆ ಬೈಯದೆ ಕರೆದುಕೊಂಡು ಬರುವುದು, ಅಷ್ಟೇ. ಬುದ್ಧನ ನಾಡಿನಿಂದ ಹೊರಟದ್ದು ಬರ್ಮಾ, ಕೊರಿಯಾ, ವೂಸ್ಟರ್ ಎಲ್ಲ ಸುತ್ತಿ ಮೊಬೈಲ್ ಆ್ಯಪ್ ಆಗಿ, ತಿಂಗಳಿಗೆ ಇಷ್ಟು ಎಂದು ದರ ಹಚ್ಚಿಕೊಂಡು ಮೈಸೂರಿಗೆ ಬಂದಿದೆ. "ಊಟ ಮಾಡ್ವಾಗ ಮಾತಾಡಬೇಡ ಅಂತ ನಮ್ಮಜ್ಜಿ ಪುಕ್ಸಟ್ಟೆ ಹೇಳ್ತಿದ್ರು" ಎಂದು ಪಕ್ಕದ ಮನೆಯ ಅತ್ತಿಗೆ ಮೂಗು ಮುರಿದರು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಅಜ್ಜಿ ಬಾಯಿ ಮುಚ್ಚಿಸುತ್ತಿದ್ದರು, ನಿಜ. ತುತ್ತು ನುಂಗುವಾಗ ಒಳಗೆ ಏನಾಯಿತು ಎಂದು ಯಾವತ್ತೂ ಕೇಳಲಿಲ್ಲ.

ಸರಸ್ವತಿಪುರದ ಒಂದು ಮಹಡಿಯ ಮೇಲೆ ತರಗತಿ. ಹೇಳಿಕೊಡುವ ಹುಡುಗನಿಗೆ ನಮ್ಮ ಮಕ್ಕಳ ವಯಸ್ಸು, ಗಡ್ಡ ಮಾತ್ರ ನಮ್ಮ ಅಜ್ಜಂದಿರದು. ಕೂತವರೆಲ್ಲ ಶುಗರಿನವರೇ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಇನ್ನೊಬ್ಬರು, ಊಟದ ಮೆಸ್ ನಡೆಸುವ ಒಬ್ಬ ತಾಯಿ, ಇನ್ಫೋಸಿಸ್ಸಿನ ಬಸ್ಸಿನಿಂದ ಇಳಿದು ಕೊರಳಲ್ಲಿನ ಗುರುತಿನ ಚೀಟಿಯ ಸಮೇತ ಓಡಿಬರುವ ಮೂವತ್ತರ ಹುಡುಗ. ಆ ಹುಡುಗನನ್ನು ನೋಡಿದರೆ ಸಂಕಟವಾಗುತ್ತಿತ್ತು. ನಮಗಾದರೂ ತಿಂದುಂಡು ಬಂತು; ಅವನಿಗೆ ಕಂಪ್ಯೂಟರ್ ಮುಂದೆ ಕೂತೇ ಬಂದಿತ್ತು.

ಮೊದಲ ಪಾಠಕ್ಕೆ ಗುರುಗಳು ಡಬ್ಬಿ ತೆಗೆದು ಒಬ್ಬೊಬ್ಬರ ಅಂಗೈ ಮೇಲೆ ಒಂದೊಂದು ಒಣದ್ರಾಕ್ಷಿ ಇಟ್ಟರು. ಸಭೆ ಸ್ತಬ್ಧವಾಯಿತು. ಸಕ್ಕರೆ ಕಾಯಿಲೆಯವರನ್ನು ಒಟ್ಟು ಸೇರಿಸಿ, ದುಡ್ಡು ಕಟ್ಟಿಸಿಕೊಂಡು ದ್ರಾಕ್ಷಿ ಕೊಡುವುದೆಂದರೇನು! ಇದು ಕಬಾಟ್-ಜಿನ್ ಅವರ ಕಾಲದಿಂದ ನಡೆದು ಬಂದ ಪದ್ಧತಿಯಂತೆ. ತೂಕ ಸುಮಾರು ಅರ್ಧ ಗ್ರಾಂ. ಮೆಸ್ಸಿನ ತಾಯಿ ಕೈ ಎತ್ತಿ, "ಸ್ವಾಮೀ, ನಾನು ಇನ್ಸುಲಿನ್ ತಗೊಳ್ಳೋಳು. ಇದಕ್ಕೆ ಎಷ್ಟು ಯೂನಿಟ್ ಹಾಕ್ಕೋಬೇಕು?" ಎಂದರು. ಏನೂ ಬೇಡ, ಮೊದಲು ನೋಡಿ ಎಂದರು ಗುರುಗಳು. ನೋಡಿದೆವು. ಸುಕ್ಕು ನೋಡಿದೆವು, ಬೆಳಕಿಗೆ ಹಿಡಿದೆವು, ಮೂಸಿದೆವು, ಕಿವಿಯ ಹತ್ತಿರ ತಂದು ಹಿಸುಕಿ ಕೇಳಿಸಿಕೊಂಡೆವು. ಪೊಲೀಸಿನವರು ಅದನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡರೆ ಇನ್ನೇನು ಮಹಜರು ಬರೆಯುತ್ತಾರೆ ಅನ್ನಿಸುತ್ತಿತ್ತು. ಬಾಯಿಗೆ ಹಾಕಿಕೊಂಡ ಮೇಲೂ ಕಚ್ಚುವಂತಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡು ಬಾಯಲ್ಲಿ ನೀರು ಊರುವುದನ್ನು ಗಮನಿಸಬೇಕು. ಆಮೇಲೆ ಒಂದು ಸಲ ಹಲ್ಲಿನಿಂದ ಒತ್ತಬೇಕು.

ಕೇಸರಿಬಾತಿನಲ್ಲಿ, ಪಾಯಸದಲ್ಲಿ ಎಷ್ಟು ದ್ರಾಕ್ಷಿ ನುಂಗಿದ್ದೇನೋ ಲೆಕ್ಕವಿಲ್ಲ. ಅದಕ್ಕೆ ಮೊದಲು ಹುಳಿ, ಆಮೇಲೆ ಸಿಹಿ, ಕೊನೆಯಲ್ಲಿ ಬೀಜವಿದ್ದರೆ ಚೂರು ಒಗರು ಎಂದು ಆವತ್ತು ತಿಳಿಯಿತು. ಬ್ಯಾಂಕಿನವರು ಕಣ್ಣು ಮುಚ್ಚಿಕೊಂಡೇ, "ಹತ್ತು ವರ್ಷ ಆಯ್ತು ಕಣ್ರೀ, ಹೆದರಿಕೆ ಇಲ್ದೆ ಒಂದು ಸಿಹಿ ತಿಂದು" ಎಂದರು. ಯಾರೂ ನಗಲಿಲ್ಲ. ನಾವು ಸಿಹಿ ಬಿಟ್ಟವರಲ್ಲ, ಕದ್ದು ತಿನ್ನುವವರು. ಕದ್ದು ತಿನ್ನುವವನಿಗೆ ರುಚಿ ಎಲ್ಲಿಂದ ಬರಬೇಕು? ಒಂದು ಕಣ್ಣು ಬಾಗಿಲ ಮೇಲೆ, ಒಂದು ಕಣ್ಣು ನಾಳಿನ ಅಂಕಿಯ ಮೇಲೆ. ರುಚಿ ಗೊತ್ತಾಗದ್ದರಿಂದ ಇನ್ನೊಂದು, ಮತ್ತೊಂದು. ಇದನ್ನು ಯಾವ ಪಥ್ಯದ ಪಟ್ಟಿಯೂ ನನಗೆ ಹೇಳಿರಲಿಲ್ಲ.

ಎರಡನೇ ಪಾಠ ಮಲಗುವುದು. ಚಾಪೆಯ ಮೇಲೆ ಅಂಗಾತ ಮಲಗಿ ಎಡಗಾಲಿನ ಬೆರಳಿನಿಂದ ಹಿಡಿದು ನೆತ್ತಿಯವರೆಗೆ ಒಂದೊಂದೇ ಅಂಗದ ಮೇಲೆ ಮನಸ್ಸನ್ನು ನಿಲ್ಲಿಸುತ್ತಾ ಹೋಗುವುದು. ಮೊಣಕಾಲು ತಲುಪುವ ಹೊತ್ತಿಗೆ ಪೊಲೀಸಿನವರ ಗೊರಕೆ ಕೇಳಿಬಂತು. ಸೊಂಟಕ್ಕೆ ಬಂದಾಗ ಜೊತೆಗೆ ಬ್ಯಾಂಕೂ ಸೇರಿಕೊಂಡಿತು. ನಾನು ಮಾತ್ರ ಪಾದದಲ್ಲೇ ಉಳಿದುಬಿಟ್ಟೆ. ಶುಗರಿನವರಿಗೆ ಪಾದ ಸಣ್ಣ ವಿಷಯವಲ್ಲ. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಸೊರಗುತ್ತವೆ, ಪಾದ ಜೋಮು ಹಿಡಿಯುತ್ತದೆ, ಮುಳ್ಳು ಚುಚ್ಚಿದರೂ ಗೊತ್ತಾಗದೆ ಗಾಯ ಹುಣ್ಣಾಗುತ್ತದೆ. ದಿನಾ ಪಾದ ನೋಡಿಕೊಳ್ಳಿ ಎಂದು ಡಾಕ್ಟರು ಹೇಳುವುದು ಅದಕ್ಕೇ. ನೋಡಿಕೊಳ್ಳುತ್ತಲೂ ಇದ್ದೆ, ಪತ್ರಿಕೆಯಲ್ಲಿ ಸಾವಿನ ಸುದ್ದಿ ನೋಡುವವರ ಭಯದಲ್ಲಿ. ಆವತ್ತು ಚಾಪೆಯ ಮೇಲೆ ಕಿರುಬೆರಳಿಗೆ ಫ್ಯಾನಿನ ಗಾಳಿ ತಗುಲುವುದು ತಿಳಿಯಿತು. ಇದೆ, ಇನ್ನೂ ಇದೆ, ಕೆಲಸ ಮಾಡುತ್ತಿದೆ. ಅರವತ್ತು ದಾಟಿದವನಿಗೆ ಕಿರುಬೆರಳಿನ ಮೇಲೆ ಪ್ರೀತಿ ಹುಟ್ಟುವುದು ಹೇಳಿಕೊಳ್ಳುವ ಸಂಗತಿಯಲ್ಲ. ಆದರೂ ಹೇಳಿದ್ದೇನೆ.

ಪಾದದ ಮಾತಿಗೆ ಸುಶ್ರುತ ನೆನಪಾಗುತ್ತಾನೆ. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗುರುತಿಸಿದ್ದರು. ಹುಟ್ಟಿನಿಂದ ಬಂದದ್ದು ಬೇರೆ, ಅಪಥ್ಯದಿಂದ ಬಂದದ್ದು ಬೇರೆ ಎಂದು ಸುಶ್ರುತ ಸಂಹಿತೆ ವಿಂಗಡಿಸುತ್ತದೆ. ಬಡ ರೋಗಿಗೆ ಅದು ಹೇಳುವ ಚಿಕಿತ್ಸೆಗಳಲ್ಲಿ ಒಂದು, ಚಪ್ಪಲಿ, ಛತ್ರಿ ಬಿಟ್ಟು ನೂರು ಯೋಜನ ನಡೆಯುವುದು. ಯೋಜನ ಎಂದರೆ ಎಷ್ಟು ದೂರ ಎಂಬುದರಲ್ಲಿ ಪಂಡಿತರಿಗೆ ಜಗಳವಿದೆ. ಕಡಿಮೆ ಲೆಕ್ಕ ಹಿಡಿದರೂ ಮೈಸೂರಿನಿಂದ ಹೊರಟವನು ಬೀದರ್ ಹತ್ತಿರ ಇರುತ್ತಾನೆ. ನಡಿಗೆಯ ವಿಚಾರದಲ್ಲಿ ಇಂದಿನ ಡಾಕ್ಟರಿಗೂ ಸುಶ್ರುತನಿಗೂ ಭಿನ್ನಾಭಿಪ್ರಾಯವಿಲ್ಲ. ಚಪ್ಪಲಿಯ ವಿಚಾರದಲ್ಲಿ ಮಾತ್ರ ಇಂದಿನವರ ಮಾತೇ ಸರಿ. ದೇವಸ್ಥಾನದ ಕಾದ ಕಲ್ಲಿನ ಮೇಲೂ ಬರಿಗಾಲು ಬೇಡ ಎನ್ನುತ್ತಾರೆ.

ಮನೆಯಲ್ಲಿ ಕೂತು ಅಭ್ಯಾಸ ಮಾಡುವುದು ಬೇರೆಯೇ ಕಥೆ. ಕಣ್ಣು ಮುಚ್ಚಿದ ಕ್ಷಣ ಹಾಲಿನವನು ಬರುತ್ತಾನೆ, ಕುಕ್ಕರ್ ಕೂಗುತ್ತದೆ, ಕಸದ ಗಾಡಿ ಹಾಡುತ್ತದೆ. ಎಲ್ಲವನ್ನೂ ಬಂದ ಹಾಗೇ ಗಮನಿಸಿ ಎಂದಿದ್ದರು ಗುರುಗಳು. ಗಮನಿಸಿದೆ. "ಕಣ್ಣು ಮುಚ್ಚಿ ಕೂತ್ರೆ ಹಾಲು ಉಕ್ಕೋದನ್ನ ಯಾರ್ರೀ ನೋಡೋದು?" ಎಂದಳು ನನ್ನಾಕೆ. ಅವಳಿಗೆ ತರಗತಿಯ ಅವಶ್ಯಕತೆ ಇಲ್ಲ ಎಂದು ನನ್ನ ಅಭಿಪ್ರಾಯ. ಮದುವೆಯಾದಾಗಿನಿಂದ ಒಂದು ದಿನವೂ ಅವಳು ಹಾಲು ಉಕ್ಕಿಸಿದ್ದಿಲ್ಲ.

ಪ್ರಯೋಜನ ಏನಾಯಿತು ಎಂದು ಕೇಳುವವರಿಗೆ ಒಂದು ಬೆಳಗಿನ ಮಾತು ಹೇಳುತ್ತೇನೆ. ಗ್ಲುಕೋಮೀಟರ್ 186 ತೋರಿಸಿತು. ಹಿಂದಿನ ದಿನ ಮಾಡಬಾರದ್ದೇನನ್ನೂ ಮಾಡಿರಲಿಲ್ಲ. ನನ್ನ ತಲೆಗೆ ಇಂಥ ಅಂಕಿ ಸಿಕ್ಕರೆ ಅದು ನಿಲ್ಲುವುದಿಲ್ಲ. 186 ಎಂದರೆ ಮಾತ್ರೆ ಸಾಲದು, ಮಾತ್ರೆ ಸಾಲದಿದ್ದರೆ ಇನ್ಸುಲಿನ್, ಅದಾದ ಮೇಲೆ ಕಿಡ್ನಿ, ಕಿಡ್ನಿ ಎಂದರೆ ಡಯಾಲಿಸಿಸ್, ವಾರಕ್ಕೆ ಎರಡು ಮೂರು ಸಲ ಯಾರು ಕರೆದುಕೊಂಡು ಹೋಗುತ್ತಾರೆ, ಮಗಳು ರಜೆ ಹಾಕಿ ಬರಬೇಕು, ಟಿಕೆಟ್ಟಿನ ದರ ಏನು, ಪಿಂಚಣಿಯ ಪಾಸ್‌ಬುಕ್ ಎಲ್ಲಿದೆ ಎಂದು ಇವಳಿಗೆ ಗೊತ್ತೇ ಇಲ್ಲವಲ್ಲ. ಬೆರಳಿನ ರಕ್ತ ಇನ್ನೂ ಆರಿರುವುದಿಲ್ಲ, ಆಗಲೇ ನನ್ನ ವೈಕುಂಠ ಸಮಾರಾಧನೆಗೆ ಎಲೆ ಹಾಕುವುದರವರೆಗೆ ಹೋಗಿರುತ್ತೇನೆ. ಅಲ್ಲೂ ಮೈಸೂರು ಪಾಕ್ ಬಡಿಸುತ್ತಿರುತ್ತಾರೆ.

ಆ ದಿನವೂ ತಲೆ ಅದೇ ದಾರಿ ಹಿಡಿಯಿತು. ವ್ಯತ್ಯಾಸವೆಂದರೆ ಡಯಾಲಿಸಿಸ್ ತಲುಪುವ ಹೊತ್ತಿಗೆ ನನಗೆ ತಿಳಿಯಿತು, ಓಹೋ, ಹೊರಟೆಯಾ ಎಂದು. ಎದೆ ಹೊಡೆದುಕೊಳ್ಳುತ್ತಿತ್ತು, ಹೆಗಲು ಕಿವಿಯ ಹತ್ತಿರ ಬಂದಿತ್ತು. ಅವನ್ನು ನೋಡಿದೆ. ಉಸಿರು ಬಂತು, ಹೋಯಿತು. 186 ಅಲ್ಲೇ ಇತ್ತು; ಧ್ಯಾನಕ್ಕೆ ಹೆದರಿ ಅದೇನೂ 130ಕ್ಕೆ ಇಳಿಯಲಿಲ್ಲ. ಅದರ ಮೇಲೆ ನಾನು ಕಟ್ಟಿದ ಮಹಡಿಗಳು ಮಾತ್ರ ಇರಲಿಲ್ಲ. ಡೈರಿಯಲ್ಲಿ ಅಂಕಿ ಬರೆದೆ, ಮಾತ್ರೆ ನುಂಗಿದೆ, ಕೆರೆಗೆ ಹೋದೆ. ಮೂರು ದಿನವೂ ಹೀಗೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು ಎಂಬುದು ಹೊಳೆಯಿತು. ಗಾಬರಿಯಲ್ಲಿ ಇಂಥ ಸಾಧಾರಣ ಬುದ್ಧಿ ಹೊಳೆಯುವುದೇ ಇಲ್ಲ. ಗಾಬರಿಯಾದವನು ಒಂದೋ ಎರಡು ದಿನ ಉಪವಾಸ ಬೀಳುತ್ತಾನೆ, ಇಲ್ಲವೇ ಹೇಗೂ ಕೆಟ್ಟಿತು ಎಂದು ಜಿಲೇಬಿಗೆ ಕೈ ಹಾಕುತ್ತಾನೆ. ನಾನು ಎರಡು ಗುಂಪನ್ನೂ ಕೆರೆಯ ಏರಿಯ ಮೇಲೆ ದಿನಾ ನೋಡುತ್ತೇನೆ.

ಇನ್ನೊಂದು ಆಯಿತು. ಅಡುಗೆಮನೆಯಿಂದ ಎಂದಿನ ಪ್ರಶ್ನೆ ಬಂತು. "ಎಷ್ಟು ಬಂತೂ?" ಈ ಪ್ರಶ್ನೆ ಕೇಳಿದರೆ ನನಗೆ ಇನ್‌ಸ್ಪೆಕ್ಷನ್ನಿಗೆ ಬಂದ ಶಿಕ್ಷಣಾಧಿಕಾರಿಯ ನೆನಪು. ಆವತ್ತು ಉತ್ತರ ಹುಡುಕದೆ ದನಿಯನ್ನೇ ಕೇಳಿಸಿಕೊಂಡೆ. ಒಗ್ಗರಣೆಯ ಸದ್ದಿನ ನಡುವೆ ಸಣ್ಣದೊಂದು ನಡುಕವಿತ್ತು. ಒಳಗೆ ಹೋಗಿ ನಿಂತೆ. ಅವಳು ಬಾಣಲೆ ನೋಡಿಕೊಂಡೇ, "ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು ಕಣ್ರೀ" ಎಂದಳು. ಮಾವನವರು ಹೋದದ್ದು ಕಿಡ್ನಿಯ ತೊಂದರೆಯಿಂದ. ನನಗೆ ಗೊತ್ತಿದ್ದ ಸಂಗತಿಯೇ. ದಿನಾ ಬೆಳಿಗ್ಗೆ ಅವಳು ಕೇಳುತ್ತಿದ್ದದ್ದು ಅದನ್ನು ಎಂದು ಮಾತ್ರ ತಿಳಿದಿರಲಿಲ್ಲ. ಪೊಲೊನ್‌ಸ್ಕಿಯವರ ಪಟ್ಟಿಯನ್ನು ಅವಳಿಗೂ ಕೊಡಬೇಕಿತ್ತು. ಬೆರಳು ಚುಚ್ಚಿಕೊಳ್ಳುವವನ ಭಾರದ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಉಪ್ಪು, ಬೆಲ್ಲ, ಅಕ್ಕಿ ಅಳೆಯುತ್ತಾ ಎರಡು ಬಗೆಯ ಅಡುಗೆ ಮಾಡುವವರ ಭಾರಕ್ಕೆ ಯಾವ ಲ್ಯಾಬೂ ಇಲ್ಲ.

ಗಣಿತದ ಮೇಷ್ಟ್ರಾಗಿ ಲೆಕ್ಕವನ್ನೂ ಒಪ್ಪಿಸಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ 139 ಮಂದಿ ಮಧುಮೇಹಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಎಂಟು ವಾರ ಇದೇ ಜಾತಿಯ ಪಾಠ ಹೇಳಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒತ್ತಡ, ಆತಂಕ, ಖಿನ್ನತೆಯ ಲಕ್ಷಣಗಳು ಇಳಿದವು. ಎಚ್‌ಬಿಎ1ಸಿ ಇಳಿಯಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನವರು 110 ರೋಗಿಗಳನ್ನು ಇಟ್ಟುಕೊಂಡು 2012ರಲ್ಲಿ ವರದಿ ಮಾಡಿದರು. ಇವರೆಲ್ಲ ಎರಡನೇ ಬಗೆಯವರು, ಕಿಡ್ನಿಗೆ ಆಗಲೇ ಸ್ವಲ್ಪ ಪೆಟ್ಟು ಬಿದ್ದಿದ್ದವರು. ಒಂದು ವರ್ಷದ ಮೇಲೆ ಖಿನ್ನತೆ ಕಡಿಮೆ ಇತ್ತು, ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಮಾತ್ರ ಕಡಿಮೆಯಾಗಲಿಲ್ಲ. ನನಗೆ ಈ ವರದಿಗಳ ಮೇಲೆ ಗೌರವ ಬಂದದ್ದೇ ಇದರಿಂದ. ಆಗಲಿಲ್ಲ ಎಂಬುದನ್ನು ಅವರು ಆಯಿತು ಎಂಬುದರ ಪಕ್ಕದಲ್ಲೇ ಬರೆದಿದ್ದಾರೆ. ನಮ್ಮ ಬೀದಿಯ ಕಂಬಗಳ ಮೇಲಿನ ಭಿತ್ತಿಪತ್ರಗಳಿಗೆ ಆ ಅಭ್ಯಾಸವಿಲ್ಲ. ಧ್ಯಾನದಿಂದ ಮೂವತ್ತು ದಿನದಲ್ಲಿ ಶುಗರ್ ಮಾಯ, ಮಾತ್ರೆ ಬಿಸಾಡಿ ಎನ್ನುವವರ ಫೋನ್ ನಂಬರ್ ಬಲು ದೊಡ್ಡ ಅಕ್ಷರದಲ್ಲಿರುತ್ತದೆ. ಮಾತ್ರೆ ಬಿಸಾಡಿದವರನ್ನು ಆಮೇಲೆ ಆ ನಂಬರಿನವರು ನೋಡಲು ಬರುವುದಿಲ್ಲ.

ಹಾಗಾದರೆ ಸಕ್ಕರೆ ಇಳಿಸದ ಧ್ಯಾನ ಯಾಕೆ ಎಂದು ಪೊಲೀಸಿನವರು ಕೊನೆಯ ಪಾಠದ ದಿನ ಕೇಳಿಯೇಬಿಟ್ಟರು. ಗುರುಗಳು ಗಡ್ಡ ನೀವಿಕೊಂಡರು, ಉತ್ತರ ಹೇಳಲಿಲ್ಲ. ಮೆಸ್ಸಿನ ತಾಯಿಯೇ ಹೇಳಿದರು: "ಶುಗರ್ ಇಳಿಸೋಕೆ ಇನ್ಸುಲಿನ್ ಇದೆಯಲ್ಲ ಸಾರ್. ನಾನು ರಾತ್ರಿ ಅಳೋದು ನಿಂತಿದೆ, ನಂಗಷ್ಟು ಸಾಕು." ಅದಾದ ಮೇಲೆ ಯಾರೂ ಏನೂ ಕೇಳಲಿಲ್ಲ. ಇನ್ಫೋಸಿಸ್ಸಿನ ಹುಡುಗ ಲ್ಯಾಪ್‌ಟಾಪ್ ಚೀಲ ಪಕ್ಕಕ್ಕಿಟ್ಟು ಅವರ ಮೆಸ್ಸಿನ ವಿಳಾಸ ಬರೆದುಕೊಂಡ.

ಇನ್ನು ಮದುವೆಯ ಕಾಲ ಬರುತ್ತಿದೆ. ಛತ್ರದಲ್ಲಿ ಪಂಕ್ತಿಗೆ ಕೂತಾಗ ನನ್ನ ಪಕ್ಕ ಸಿಗುವ ಬಂಧುಗಳಲ್ಲಿ, ಹೋಳಿಗೆಯ ತಟ್ಟೆ ಹಿಡಿದು ಬರುವ ಹುಡುಗರಲ್ಲಿ ಒಂದು ಕೋರಿಕೆ. "ಇವರಿಗೆ ಶುಗರ್, ಹಾಕ್ಬೇಡಿ" ಎಂದು ಇಡೀ ಸಾಲಿಗೆ ಕೇಳುವಂತೆ ಕೂಗಬೇಡಿ. "ಒಂದು ದಿನಕ್ಕೆ ಏನೂ ಆಗಲ್ಲ, ತಿನ್ನಿ" ಎಂದು ಎರಡು ಹೋಳಿಗೆ ಹೇರಿ ತುಪ್ಪವನ್ನೂ ಸುರಿಯಬೇಡಿ. ಕಾಲು ಹೋಳಿಗೆ ನಾನೇ ಕೇಳಿ ಹಾಕಿಸಿಕೊಳ್ಳುತ್ತೇನೆ. ಅನ್ನವನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿದ್ದೇನೆ, ಮಾತ್ರೆ ಅಂಗಿಯ ಜೇಬಿನಲ್ಲಿದೆ. ತಿಂದು ಮುಗಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ; ಅಲ್ಲಿಯವರೆಗೆ ಎಲೆ ಎತ್ತಬೇಡಿ.